ಮುಷ್ಕರದಲ್ಲಿ ಮಲಗಿದ ಮಾವ

ಪರದೆಯ ಮೇಲೆ ತನ್ನ ಸದಸ್ಯರ ಹೆಸರುಗಳು ಮನುಷ್ಯಮಾತ್ರರು ಓದಬಹುದಾದ ವೇಗದಲ್ಲಿ ಚಲಿಸತಕ್ಕದ್ದು ಎಂಬ ಏಕೈಕ ಬೇಡಿಕೆಯನ್ನು ಮುಂದಿಟ್ಟು ಧಾರಾವಾಹಿ ಹಾಗೂ ಚಲನಚಿತ್ರ ಬರಹಗಾರರ ಸಂಘವು ಸೋಮವಾರ ಬೆಳಿಗ್ಗೆಯಿಂದ ಲೇಖನಿ ಕೆಳಗಿಟ್ಟಿತು. ಮಲಗಿದ ಮಾವ ಏಳಬೇಕಾಗಿದ್ದುದು ಮಂಗಳವಾರ.

ಮಲಗಿದ ಮಾವ ಎಂಬುದು ಬೀದಿಯವರು ಇಟ್ಟ ಅಡ್ಡಹೆಸರು. ಜನ ಮೆಚ್ಚಿದ ಧಾರಾವಾಹಿಯೊಂದರಲ್ಲಿ ಅವನು ದೊಡ್ಡ ಮನೆಯ ಯಜಮಾನ. ಎರಡನೇ ಸೊಸೆ ಮೆಟ್ಟಿಲ ಮೇಲಿಂದ ತಳ್ಳಿದಂದಿನಿಂದ ಪ್ರಜ್ಞೆಯಿಲ್ಲದೆ ಮಲಗಿದ್ದ. ಅವನ ಮಂಚದ ಸುತ್ತ ನಿಂತು ಮಕ್ಕಳು ಆಸ್ತಿಗೆ ಕಿತ್ತಾಡಿದರು, ಸೊಸೆಯರು ಅತ್ತರು, ಡಾಕ್ಟರು ಬಂದು ಬಂದು ತಲೆಯಾಡಿಸಿದರು. ಅವನು ಮಾತ್ರ ಮೂಗಿನ ಮೇಲೆ ನೊಣ ಕೂತರೂ ಕದಲದೆ ಅನ್ನ ಸಂಪಾದಿಸಿದ. ಒಂದು ಕಾಲದಲ್ಲಿ ರಂಗದ ಮೇಲೆ ನಿಂತು ಮೈಕಿಲ್ಲದೆ ಕೊನೆಯ ಸಾಲಿನವರಿಗೂ ದನಿ ಮುಟ್ಟಿಸಿದ್ದ ನಟ. "ನಮ್ಮ ಅಳಿಯಂದಿರು ಟೀವಿಯಲ್ಲಿ ಮಲಗೋ ಕೆಲಸದಲ್ಲಿದಾರೆ" ಎಂದು ಅವನ ಅತ್ತೆ ಬಂದವರಿಗೆಲ್ಲ ಹೇಳುವಾಗ ಅವನಿಗೆ ಭೂಮಿ ಬಾಯಿಬಿಡಬಾರದೆ ಎನ್ನಿಸುತ್ತಿತ್ತು.

ಅವನ ಗೋಳು ನೋಡಲಾರದೆ ಸಾಹಿತಿ ಕೊನೆಗೂ ಅವನಿಗೊಂದು ಮಾತು ಬರೆದ. (ಸಂಭಾಷಣೆ ಬರೆಯುವವನನ್ನು ಸೆಟ್ಟಿನಲ್ಲಿ ಸಾಹಿತಿ ಎನ್ನುತ್ತಾರೆ, ಬೇರೆಲ್ಲೂ ಯಾರೂ ಅನ್ನುವುದಿಲ್ಲ.) ಮಾವ ಕಣ್ಣು ತೆರೆದು, ಎದ್ದು ಕೂತು, "ನನಗೆಲ್ಲ ಕೇಳಿಸ್ತಾ ಇತ್ತು" ಎನ್ನಬೇಕು. ಅಷ್ಟೆ. ಆ ಅಷ್ಟನ್ನೇ ಅವನು ಬಚ್ಚಲುಮನೆಯಲ್ಲಿ ಕೋಪದಿಂದ, ಕರುಣೆಯಿಂದ, ನಡುಗುತ್ತ, ನಗುತ್ತ ಹೇಳಿ ಹೇಳಿ ಹದ ಮಾಡಿದ. ಪಕ್ಕದ ಮನೆಯ ದಂಪತಿ ಗಾಬರಿಯಾಗಿ ಅಂದಿನಿಂದ ಕಿಟಕಿ ಮುಚ್ಚಿಕೊಂಡು ಜಗಳವಾಡತೊಡಗಿದರು.

ಮುಷ್ಕರ ಶುರುವಾದ ಸಂಜೆಯೇ ಕಲಾವಿದರ ಸಂಘ ಬೆಂಬಲ ಸೂಚಿಸಿ ಪ್ರಕಟಣೆ ಹೊರಡಿಸಿತು:

"ಬರಹಗಾರರು ಬರೆಯದ ಮಾತನ್ನು ಯಾವ ಕಲಾವಿದರೂ ಆಡತಕ್ಕದ್ದಲ್ಲ. ಮುಷ್ಕರಕ್ಕೆ ಮುಂಚೆಯೇ ಬರೆದಿಟ್ಟ ಮಾತನ್ನು ಈಗ ಆಡುವುದು ಸಹ ದ್ರೋಹವೆಂದು ಪರಿಗಣಿಸಲಾಗುವುದು. ಕೆಮ್ಮು, ಸೀನು ಹಾಗೂ ನಿಟ್ಟುಸಿರುಗಳ ಕುರಿತು ಉಪಸಮಿತಿಯು ತೀರ್ಮಾನ ಕೈಗೊಳ್ಳುವುದು."

ಪರಿಣಾಮಗಳು ಕ್ರಮಬದ್ಧವಾಗಿದ್ದವು. ಧಾರಾವಾಹಿಗಳು ಒಂದೊಂದಾಗಿ ನಿಂತವು. ದೊಡ್ಡ ನಾಯಕನ ದೊಡ್ಡ ಚಿತ್ರವನ್ನು ಮಧ್ಯಂತರದವರೆಗೆ ಮಾತ್ರ ಬಿಡುಗಡೆ ಮಾಡಿ, ಕಳ್ಳ ಯಾರೆಂಬುದನ್ನು ಮುಷ್ಕರದ ನಂತರ ತಿಳಿಸಲಾಗುವುದೆಂದು ಚಿತ್ರಮಂದಿರದ ಬಾಗಿಲಿಗೆ ಚೀಟಿ ಅಂಟಿಸಿದರು. ನೋಡಿ ಬಂದವರು ಇಷ್ಟೇ ಸಾಕಾಗಿತ್ತು ಎಂದರು. ಹಾಸ್ಯನಟರು ತಮ್ಮ ಮನೆಯಲ್ಲೂ ತಮಾಷೆ ನಿಲ್ಲಿಸಿದರು. ಹೆಂಡತಿಯರಿಂದ ದೂರು ಬರಲಿಲ್ಲ.

ಮಾವನೂ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಸ್ಟುಡಿಯೋ ಗೇಟಿನ ಮುಂದಿನ ಶಾಮಿಯಾನಕ್ಕೆ ಹೋದ. ತನ್ನ ಮಾತಿನ ಗತಿ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಗಿದ್ದರೂ ಸಾಹಿತಿಯ ಋಣ ದೊಡ್ಡದು ಎಂದು ಅವನಿಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು. ಕಲಾವಿದರ ಸಂಘದ ಕಾರ್ಯದರ್ಶಿ ಅವನನ್ನು ನೋಡಿ ಹೌಹಾರಿದ.

"ನೀವ್ಯಾಕೆ ಎದ್ದು ಬಂದ್ರಿ?"

"ಬೆಂಬಲ ಕೊಡೋಣ ಅಂತ ಸಾರ್."

"ಅಲ್ಲ ಸ್ವಾಮಿ, ನೀವು ಏಳೋದನ್ನ ಬರೆದಿದ್ದು ಯಾರು? ಸಾಹಿತಿ. ನೀವು ಎದ್ರೆ ಅವರ ಬರವಣಿಗೆ ಕದ್ದ ಹಾಗೆ. ಮಲಗಿದ್ರೆ ಯಾರದನ್ನೂ ಕದ್ದ ಹಾಗಲ್ಲ. ಹೋಗಿ ಮಲಗಿ. ಅದೇ ನಿಮ್ಮ ಮುಷ್ಕರ."

"ಎಲ್ಲಿ ಮಲಗ್ಲಿ ಸಾರ್?"

"ಎಲ್ಲಿ ಮಲಗ್ತಿದ್ರೋ ಅಲ್ಲೇ!"

ಒಳಗೆ ನಿರ್ಮಾಪಕನೂ ಇದನ್ನೇ ಹೇಳಿದ. "ಬನ್ನಿ ಮಾವ, ಮಲಗಿ. ಅದೇ ನಮ್ಮ ಎಪಿಸೋಡು." ಹೀಗೆ ಮುಷ್ಕರದ ಇತಿಹಾಸದಲ್ಲೇ ಮೊದಲ ಬಾರಿಗೆ ಎರಡೂ ಪಕ್ಷಗಳು ಒಂದೇ ಮಂಚದ ಬಗ್ಗೆ ಒಮ್ಮತಕ್ಕೆ ಬಂದವು. ಕಪ್ಪುಪಟ್ಟಿಯ ವಿಷಯದಲ್ಲಿ ಮಾತ್ರ ಜಗ್ಗಾಟವಾಗಿ, ಪಟ್ಟಿ ತೋಳಿನಲ್ಲಿರಲಿ, ತೋಳು ಹೊದಿಕೆಯೊಳಗಿರಲಿ ಎಂದು ಇತ್ಯರ್ಥವಾಯಿತು.

ಅಂದಿನಿಂದ ದಿನಾ ಸಂಜೆ ಅವನೊಬ್ಬನೇ. ಮೊದಲ ದಿನ ಜನ ಟೀವಿ ಕೆಟ್ಟಿತೆಂದು ತಿಳಿದು ತಟ್ಟಿದರು. ಆಮೇಲೆ ರೂಢಿಯಾಯಿತು. ಬೇರೆ ಯಾವ ವಾಹಿನಿಯಲ್ಲೂ ಏನೂ ಹೊಸದಿಲ್ಲದ್ದರಿಂದ ಊರೆಲ್ಲ ಅವನನ್ನೇ ನೋಡಿತು. ಅಳುವ ಮಕ್ಕಳು ಮಲಗಿದವು. ವಿಮರ್ಶಕನೊಬ್ಬ ಅವನ ಎಡಗಣ್ಣಿನ ರೆಪ್ಪೆಯಲ್ಲಿ ಒಂದು ವಂಶದ ಅವನತಿಯನ್ನು ಕಂಡು ಅರ್ಧ ಪುಟ ಬರೆದ. ಅಲ್ಲಿ ಅವತ್ತು ಕೂತಿದ್ದುದು ಸೊಳ್ಳೆ. ಹಾಸಿಗೆ ತಯಾರಕರು ಜಾಹೀರಾತು ಕೊಟ್ಟರು. ಕಥೆ ಎಲ್ಲಿ ಮುಗಿದು ಜಾಹೀರಾತು ಎಲ್ಲಿ ಶುರುವಾಯಿತೆಂದು ಯಾರಿಗೂ ತಿಳಿಯದಿದ್ದುದರಿಂದ ಯಾರೂ ಚಾನೆಲ್ ಬದಲಿಸಲಿಲ್ಲ.

ಮನೆಯಲ್ಲಿ ಅತ್ತೆಯ ದನಿ ಇಳಿಯಿತು. "ಮೆಲ್ಲಗೆ ಮಾತಾಡ್ರೇ, ಅಳಿಯಂದಿರು ಊಟಕ್ಕೆ ಕೂತಿದಾರೆ" ಎನ್ನುವ ಮಟ್ಟಕ್ಕೆ ಬಂತು. ಅವನಿಗೆ ಇದೆಲ್ಲ ಬೇಕಿರಲಿಲ್ಲ. ಮುಷ್ಕರ ಮುಗಿಯಲಿ, ಒಂದೇ ಒಂದು ಸಲ ಎದ್ದು ಕೂತು ಬಾಯಿಬಿಡುವಂತಾಗಲಿ ಎಂದು ಕಂಡ ಕಂಡ ದೇವರನ್ನೆಲ್ಲ ಮಲಗಿದಲ್ಲಿಂದಲೇ ಬೇಡಿಕೊಂಡ.

ದೇವರು ಅರ್ಧ ಕೇಳಿಸಿಕೊಂಡ. ಮುಷ್ಕರ ಮುಗಿಯಿತು. ಹೆಸರು ಓದುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಬೇಕಾದರೆ ಅದರ ಹಿಂದೆ ಏನೂ ಅಲ್ಲಾಡಬಾರದು. ಅಲ್ಲಾಡದೆ ಇರುವುದು ಮಾವನೊಬ್ಬನೇ ಎಂದು ತಜ್ಞರು ಕಂಡುಹಿಡಿದಿದ್ದರು. ಅದರಂತೆ ಬರಹಗಾರರ ಹೆಸರುಗಳನ್ನು ಇನ್ನು ಮುಂದೆ ಅವನ ಹೊದಿಕೆಯ ಮೇಲೆ, ಎದೆಯಿಂದ ಪಾದದವರೆಗೆ, ದೊಡ್ಡ ಅಕ್ಷರಗಳಲ್ಲಿ ತೋರಿಸತಕ್ಕದ್ದೆಂದೂ, ಎಲ್ಲ ಪಕ್ಷಗಳ ಲಿಖಿತ ಒಪ್ಪಿಗೆಯಿಲ್ಲದೆ ರೋಗಿಯು ಏಳತಕ್ಕದ್ದಲ್ಲವೆಂದೂ ಒಪ್ಪಂದವಾಯಿತು. ರೋಗಿಯು ಯಾವ ಪಕ್ಷಕ್ಕೂ ಸೇರಿರಲಿಲ್ಲ.

ಮಾವ ಸಾಹಿತಿಯನ್ನು ಮೇಕಪ್ ಕೋಣೆಯಲ್ಲಿ ಹಿಡಿದ.

"ಸಾರ್, ನನ್ನ ಮಾತು?"

ಸಾಹಿತಿ ಕಟುಕನಲ್ಲ. ಅವನ ಕಣ್ಣು ಒದ್ದೆಯಾಯಿತು. "ಅದನ್ನ ಎರಡನೇ ಸೊಸೆಗೆ ಕೊಟ್ಬಿಟ್ರು ಮಾವ. ನನ್ನ ಕೈಲಿಲ್ಲ. ನಿನ್ನೆ ನನ್ನ ಮಗಳು ಟೀವಿ ಮುಂದೆ ಕೂತು ನನ್ನ ಹೆಸರು ಪೂರ್ತಿ ಓದಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ನಿಮ್ಮ ಮೊಣಕಾಲ ಮೇಲೆ ಬರುತ್ತೆ ನನ್ನ ಹೆಸರು. ನೀವು ಎದ್ರೆ ಅದು ಮಡಚಿಕೊಳ್ಳುತ್ತೆ."

ಮಾವನಿಗೆ ದುಃಖ ಉಕ್ಕಿ ಬಂತು. ಆದರೂ ಮಗಳ ಮಾತು ಬಂದ ಮೇಲೆ ಏನು ಹೇಳುವುದು? "ಬಿಡಿ ಸಾರ್" ಎಂದ.

ಭಾನುವಾರ ಸಭಾಂಗಣದಲ್ಲಿ ವಿಜಯೋತ್ಸವ. ಅತ್ಯುತ್ತಮ ನಟನೆಂದು ಮಾವನಿಗೆ ಸನ್ಮಾನ. ಅಲ್ಲಾದರೂ ನಾಲ್ಕು ಮಾತಾಡೋಣವೆಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದ. ಉಳಿದವರಿಗೆ ಕುರ್ಚಿಗಳಿದ್ದವು. ಅವನಿಗೆ ಮಂಚ ಹಾಕಿದ್ದರು. ಸಭಿಕರ ಅಪೇಕ್ಷೆ ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದರು. ಅವನು ಮಲಗಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಡೆಯಲಾರದೆ ಅವನು ಮೊಣಕೈ ಊರಿ ಅರ್ಧ ಎದ್ದ.

"ಮಾನ್ಯರೇ—"

"ರೀ, ಮಲಗ್ರೀ!" ಎಂದಳು ಮುಂದಿನ ಸಾಲಿನಿಂದ ಹೆಂಡತಿ. "ಹೊದಿಕೆ ಜಾರ್ತಿದೆ ಅಳಿಯಂದಿರೇ" ಎಂದರು ಅತ್ತೆ. ಸಭಾಂಗಣವೆಲ್ಲ ತುಟಿಯ ಮೇಲೆ ಬೆರಳಿಟ್ಟು 'ಶ್' ಎಂದಿತು. ಅವನು ಮಲಗಿದ.

ಸಭೆ ಮುಗಿದ ಮೇಲೆ ಸಾಮಾನು ಹೊರುವವರು ಕುರ್ಚಿಗಳನ್ನು ಸಾಗಿಸಿ, ಮಂಚವನ್ನು ಅವನ ಸಮೇತ ಎತ್ತಿಕೊಂಡರು. ಬಾಗಿಲು ಕಿರಿದಾಗಿತ್ತು. ಅವನ ತಲೆ ಚೌಕಟ್ಟಿಗೆ ಒಮ್ಮೆ ತಗುಲಿತು, ಮತ್ತೊಮ್ಮೆ ತಗುಲಿತು. ಸ್ವಲ್ಪ ಓರೆ ಮಾಡ್ಕೊಳ್ರಪ್ಪಾ ಎಂಬುದು ನಾಲಿಗೆಯ ತುದಿಗೆ ಬಂತು. ಆದರೆ ಆ ಮಾತನ್ನು ಯಾರೂ ಬರೆದಿರಲಿಲ್ಲ.