ಹದಿನಾಲ್ಕನೇ ಡಾಲ್ಫಿನ್ನಿನ ಜನನ ದಾಖಲೆ

ನಮ್ಮ ಪ್ರಾದೇಶಿಕ ತಿಮಿಂಗಿಲ ಮತ್ತು ಡಾಲ್ಫಿನ್ ಸಂರಕ್ಷಣಾ ಸ್ವಯಂಸೇವಕರ ಜಾಲದ ದಾಖಲೆಯ ಪ್ರಕಾರ ಹದಿನಾಲ್ಕನೇ ಡಾಲ್ಫಿನ್ ಕಳೆದ ವರ್ಷವೇ ನಿಧನ ಹೊಂದಿದೆ. ಮೂರು ತಿಂಗಳು ಕ್ಯಾಮೆರಾಕ್ಕೆ ಸಿಗದ ಪ್ರಾಣಿಯನ್ನು ಮೃತವೆಂದು ಭಾವಿಸತಕ್ಕದ್ದು ಎಂಬುದು ನಿಯಮ. ಆ ಮೂರು ತಿಂಗಳೂ ನಮ್ಮ ದೋಣಿ ರಿಪೇರಿಯಲ್ಲಿತ್ತು ಎಂಬುದು ಬೇರೆ ಮಾತು. ಸಂತಾಪ ಭಾಷಣವನ್ನು ಕಾರ್ಯದರ್ಶಿಯಾದ ನಾನೇ ಮಾಡಿದೆ. ವರದಿಯ ಪ್ರಕಾರ ಇನ್ನೂರು ಜನ ಅತ್ತರು. ಸಭೆಗೆ ಬಂದಿದ್ದವರು ಹನ್ನೊಂದು ಮಂದಿ.

ಹೀಗಿರುವಾಗ ಒಂದು ಬೆಳಿಗ್ಗೆ ಸದರಿ ಮೃತರು ಕಡಲ ದಡದ ಮರಳಿನ ಮೇಲೆ ಬಿದ್ದು ಉಸಿರಾಡುತ್ತಿದ್ದುದು ಕಂಡುಬಂತು. ಬೆನ್ನಿನ ರೆಕ್ಕೆಯಲ್ಲಿ ದಾಖಲೆಯಲ್ಲಿದ್ದ ಅವೇ ಎರಡು ಕಚ್ಚುಗಳು, ಗುರುತಿನಲ್ಲಿ ಸಂಶಯವಿಲ್ಲ. ನೀರು ಹಿಂದೆ ಸರಿಯುತ್ತಿತ್ತು, ಬಿಸಿಲು ಏರುತ್ತಿತ್ತು. ನಾವು ತಲುಪಿದಾಗ ಬಲೆ ಹೆಣೆಯುವ ಅಜ್ಜಿ ಒದ್ದೆ ಗೋಣಿಚೀಲ ಹೊದಿಸಿ ಕೂತಿದ್ದರು.

"ಗೊಂಬೆಗಳ ಹಾಗೆ ನಿಂತಿದ್ದೀರಲ್ಲ, ನೀರಿಗೆ ತಳ್ರೋ!"

"ಅಜ್ಜಿ, ಬದುಕಿರೋದನ್ನ ಮಾತ್ರ ನಾವು ರಕ್ಷಿಸೋದು. ಇದು ಸತ್ತಿದೆ," ಎಂದರು ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು.

"ಸತ್ತಿದ್ದು ಬಾಲ ಬಡಿಯುತ್ತಾ?"

"ಅದು ಅದರ ವೈಯಕ್ತಿಕ ಅಭಿಪ್ರಾಯ."

ನಮ್ಮ ಜೊತೆ ಬಂದಿದ್ದ ಪಶುವೈದ್ಯರು ಕೈಗಡಿಯಾರ ನೋಡಿಕೊಂಡರು. "ಇನ್ನರ್ಧ ಗಂಟೆ ಹೀಗೇ ಬಿಟ್ರೆ ನಿಮ್ಮ ದಾಖಲೆ ಸರಿಹೋಗುತ್ತೆ."

ಅಧ್ಯಕ್ಷರ ಮುಖ ಅರಳಿತು. ಕಾಯುವ ಸಲಹೆಯನ್ನು ಬಹುಮತದಿಂದ ಅಂಗೀಕರಿಸಲಾಯಿತು. ಅಜ್ಜಿ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡದ್ದನ್ನು ಕಂಡು ಜೀವಭಯದಿಂದ ನಾನೇ ದಾರಿ ಹುಡುಕಿದೆ: ಹೊಸ ಜನನವೆಂದು ನೋಂದಾಯಿಸುವುದು. ವಯಸ್ಸು, ಒಂದು ದಿನ. ಉದ್ದ, ಎಂಟು ಅಡಿ.

"ಎಂಟಡಿ ಹಸುಗೂಸಾ?" ಎಂದರು ವೈದ್ಯರು.

"ಒಳ್ಳೇ ಆರೈಕೆ, ಡಾಕ್ಟ್ರೇ," ಎಂದೆ ನಾನು.

ಸಹಿ ಬೀಳುವಷ್ಟರಲ್ಲಿ ಅಧ್ಯಕ್ಷರಿಗೆ ಮತ್ತೊಂದು ನಿಯಮ ನೆನಪಾಯಿತು. ತಾಯಿ ಜೊತೆಗಿಲ್ಲದ ಮರಿಯನ್ನು ಕಡಲಿಗೆ ಬಿಡುವಂತಿಲ್ಲ. ಡಾಲ್ಫಿನ್ನಿನ ಉಸಿರು ಆಗಲೇ ಏದುಸಿರಾಗಿತ್ತು.

"ನನ್ನ ಹೆಸರೇ ಬರ್ಕೊಳ್ರಪ್ಪ," ಎಂದರು ಅಜ್ಜಿ. "ಹೆತ್ತ ಮಗ ಒಬ್ಬನಿದ್ದಾನೆ, ಮಂಡಿಯುದ್ದ ನೀರಿಗೆ ಹೆದರ್ತಾನೆ. ಇದಾದ್ರೂ ಈಜಲಿ."

ಹೆಬ್ಬೆಟ್ಟು ಒತ್ತಿಸಿಕೊಂಡೆವು. ಟಾರ್ಪಾಲಿನಲ್ಲಿ ಎತ್ತಿ ನೀರಿಗೆ ಬಿಟ್ಟದ್ದೇ ತಡ, ಮಗು ಬಾಲದಿಂದ ಅಧ್ಯಕ್ಷರ ಬಾಯಿಗೆ ಒಂದು ಸೇರು ಉಪ್ಪುನೀರು ತುಂಬಿಸಿ ಹೊರಟುಹೋಯಿತು. ವಾರ್ಷಿಕ ವರದಿಯಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಒಂದು ಹೆಚ್ಚಿತು. ಚಪ್ಪಾಳೆ ಬಿತ್ತು.

ಮರುವಾರ ಅಜ್ಜಿಯ ಮಗ ಕಚೇರಿಗೆ ಓಡಿಬಂದ.

"ಸಾರ್, ಮನೇಲಿ ಈ ಹೊಸ ತಮ್ಮನಿಗೂ ಪಾಲು ಕೊಡಬೇಕಾ?"

ಅಧ್ಯಕ್ಷರು ನಿಯಮಾವಳಿ ತಿರುವಿದರು. "ನೆಲದ ಮೇಲಿನ ಆಸ್ತಿ ನಿನಗೆ. ಸಮುದ್ರ ಅವನಿಗೆ."

ಮಗ ಕಿಟಕಿಯಾಚೆಯ ಕಡಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಅವನಿಗೇ ಜಾಸ್ತಿ ಹೋಯ್ತಲ್ಲ ಸಾರ್!" ಎಂದು ತಕರಾರು ಅರ್ಜಿ ಬರೆದುಕೊಟ್ಟ. ಅರ್ಜಿ ನ್ಯಾಯವಾಗಿಯೇ ಇತ್ತು. ಸ್ವೀಕರಿಸಿ ಮೊಹರು ಹಾಕಿದೆವು.