ಅಕ್ಕಯ್ಯಮ್ಮನವರ ತೋಳು, ಪಿಳ್ಳಪ್ಪನವರ ಎದೆ

ಮೈಗೆ ಸಂಬಂಧಿಸಿದ ಸಲಹೆ ಕೊಡಲಾರದಷ್ಟು ಬಡವರು ಈ ಲೋಕದಲ್ಲಿ ಯಾರೂ ಇಲ್ಲವೆಂದು ನನ್ನ ನಂಬಿಕೆ. ಸೊಂಟ ಹಿಡಿದುಕೊಂಡಿದೆ ಎಂದು ಬೀದಿಯಲ್ಲಿ ಒಮ್ಮೆ ಬಾಯಿತಪ್ಪಿ ಹೇಳಿ ನೋಡಿ. ಹಾಲಿನವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಪ್ರತಿಯೊಬ್ಬರೂ ನಿಂತು, ಹೀಗೆ ಬಗ್ಗಿ, ಹಾಗೆ ತಿರುಗಿ ಎಂದು ಮಾಡಿ ತೋರಿಸಿಯೇ ಮುಂದಕ್ಕೆ ಹೋಗುತ್ತಾರೆ. ಅವರೆಲ್ಲ ಪುಕ್ಕಟೆಯಾಗಿ ಮಾಡುವ ಈ ಕೆಲಸಕ್ಕೆ ನಾನು ಸಂಬಳ ಪಡೆಯುತ್ತಿದ್ದೆ. ಐವತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಡ್ರಿಲ್ ಟೀಚರು. ಕುತ್ತಿಗೆಯಲ್ಲಿ ಸೀಟಿ, ಕಾಲಿಗೆ ಕ್ಯಾನ್‌ವಾಸ್ ಷೂ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿದರೆ ಕೈಗಳೆಲ್ಲ ಒಟ್ಟಿಗೆ ಮೇಲೆ ಹೋಗುತ್ತಿದ್ದವು, ಮತ್ತೆ ಊದಿದರೆ ಒಟ್ಟಿಗೆ ಇಳಿಯುತ್ತಿದ್ದವು. ವ್ಯಾಯಾಮದ ವಿಷಯದಲ್ಲಿ ತಿಳಿಯಬೇಕಾದದ್ದು ಇನ್ನೇನೂ ಉಳಿದಿಲ್ಲವೆಂದು ನಾನು ನೆಮ್ಮದಿಯಾಗಿದ್ದೆ. ಮಿಕ್ಕ ಟೀಚರುಗಳು ನನ್ನನ್ನು ಪಾಠವಿಲ್ಲದ ಟೀಚರು ಎಂದು ಸ್ವಲ್ಪ ಹಗುರವಾಗಿ ಕಾಣುತ್ತಿದ್ದುದು ನಿಜ. ಆದರೆ ನಮ್ಮ ವಠಾರದಲ್ಲಿ ನನಗಿದ್ದ ಗೌರವವೇ ಬೇರೆ. ಅಲ್ಲಿ ಯಾರಿಗೆ ಎಲ್ಲಿ ಉಳುಕಿದರೂ ನನ್ನ ಬಾಗಿಲು ತಟ್ಟುತ್ತಿದ್ದರು. ನಮ್ಮ ಯಜಮಾನರು ಮಾತ್ರ ಪೇಪರಿನ ಹಿಂದಿನಿಂದ, "ನೋಡು, ಗಿರಾಕಿ ಬಂತು" ಅನ್ನುತ್ತಿದ್ದರು.

ಅದೇ ವಠಾರದ ಕೊನೆಯ ಮನೆಯಲ್ಲಿ ಕೃಷ್ಣಪ್ಪನೆಂಬ ಯುವಕ ಹೆಂಡತಿಯೊಂದಿಗೆ ಬಾಡಿಗೆಗಿದ್ದ. ಕೆಲಸ ಹತ್ತಿರದ ಕಾರ್ಖಾನೆಯೊಂದರಲ್ಲಿ, ಹುಟ್ಟೂರು ಚಿಕ್ಕಬಾಣಾವರ. ಅಲ್ಲಿ ಅವನ ತಂದೆ ಪಿಳ್ಳಪ್ಪ, ತಾಯಿ ಅಕ್ಕಯ್ಯಮ್ಮ, ಹಿರಿಯ ಸೊಸೆ, ಹೊಲ, ತೋಟ. ಒಂದು ದಿನ ಅಕ್ಕಯ್ಯಮ್ಮ ಗಾಡಿಯಿಂದ ಬಿದ್ದು ಬಲಗೈ ಮುರಿದುಕೊಂಡರು. ಮೂಳೆಯೇನೋ ಕೂಡಿತು. ಆದರೆ ತಿಂಗಳುಗಟ್ಟಲೆ ಎದೆಗೆ ಕಟ್ಟಿಕೊಂಡೇ ಇದ್ದ ಕೈ ಭುಜದ ಬಳಿ ಬಿಗಿದು ಕೂತುಬಿಟ್ಟಿತು. ಪಟ್ಟಣದ ಆಸ್ಪತ್ರೆಯ ಡಾಕ್ಟರು ಅವಸರದಲ್ಲಿ, "ವ್ಯಾಯಾಮ ಮಾಡಿಸಿ" ಎಂದಷ್ಟೇ ಹೇಳಿ ಕಳಿಸಿದರಂತೆ. ವ್ಯಾಯಾಮವೆಂದರೆ ನಾನೇ ಅಲ್ಲವೆ? ಮುಂದಿನ ಭಾನುವಾರ ಕೃಷ್ಣಪ್ಪ ತಾಯಿಯನ್ನು ರೈಲಿನಲ್ಲಿ ಕರೆತಂದು ನನ್ನ ಮುಂದೆ ನಿಲ್ಲಿಸಿದ.

ನಾನು ಸೀಟಿ ತಂದೆ. ಈಗ ನೆನೆದರೆ ಅದನ್ನು ಯಾಕೆ ತಂದೆನೋ ತಿಳಿಯದು, ಎದುರಿಗಿದ್ದದ್ದು ಒಬ್ಬರೇ ಹೆಂಗಸು. ವಠಾರದವರೆಲ್ಲ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. "ಎರಡೂ ಕೈ ಮೇಲೆ" ಎಂದು ಊದಿದೆ. ಅಕ್ಕಯ್ಯಮ್ಮನ ಎಡಗೈ ಸರ್ರನೆ ಮೇಲೆ ಹೋಯಿತು. ಬಲಗೈ ಸೊಂಟದಿಂದ ಗೇಣುದ್ದ ಎದ್ದು ನಿಂತುಬಿಟ್ಟಿತು. ಅವರು ಹಲ್ಲು ಕಚ್ಚಿಕೊಂಡು ಇನ್ನಷ್ಟು ಎತ್ತಲು ಹೋದರು. ಬಾಯಿಂದ ಒಂದು ಶಬ್ದವೂ ಬರಲಿಲ್ಲ, ಕಣ್ಣಿಂದ ನೀರು ಮಾತ್ರ ಸುರಿಯಿತು. ನಾನು ಗಾಬರಿಯಾಗಿ, "ನೋವಾದರೆ ಹೇಳಬಾರದೇನಮ್ಮ?" ಎಂದೆ. "ನೀವು ಎತ್ತು ಅಂದ್ರಲ್ಲವ್ವ, ಅದ್ಕೇ ಎತ್ದೆ" ಅಂದರು. ಮಕ್ಕಳಿಗೆ ಊದಿದರೆ ಕೈ ಏಳುತ್ತಿತ್ತು, ಯಾಕೆಂದರೆ ಅವರ ಕೈ ಚೆನ್ನಾಗಿತ್ತು. ಅದರಲ್ಲಿ ನನ್ನ ವಿದ್ಯೆಯೇನೂ ಇರಲಿಲ್ಲ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು.

ಬೇಸಿಗೆ ರಜೆ ಬಂದಿತ್ತು. ಅಕ್ಕಯ್ಯಮ್ಮನಿಗೆ ಸ್ವಲ್ಪ ದಿನ ತಡೆಯಿರಿ ಎಂದು ಹೇಳಿ ನಾನು ಆ ಆಸ್ಪತ್ರೆಗೇ ಹೋದೆ. ಅಲ್ಲಿ ವ್ಯಾಯಾಮಕ್ಕೆಂದೇ ಒಂದು ಕೋಣೆಯಿತ್ತು. ಮದರಾಸಿನಲ್ಲಿ ತರಬೇತಿ ಪಡೆದು ಬಂದಿದ್ದ ಸಿಸ್ಟರ್ ಫಿಲೋಮಿನಾ ಎಂಬುವವರು ಅದನ್ನು ನೋಡಿಕೊಳ್ಳುತ್ತಿದ್ದರು. ಕಲಿಯಲು ಬಂದಿದ್ದೇನೆ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಂದು ಸ್ಟೂಲು ತೋರಿಸಿ, "ಅಲ್ಲಿ ಕೂತ್ಕೊಳ್ಳಿ. ಮಾತಾಡ್ಬೇಡಿ, ನೋಡಿ" ಅಂದರು. ರಜೆಯುದ್ದಕ್ಕೂ ಆ ಸ್ಟೂಲಿನ ಮೇಲೆ ಕೂತೆ. ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ಅದೇ ಒಂದು ದೊಡ್ಡ ವ್ಯಾಯಾಮವಾಯಿತು.

ಮೊದಲಿಗೆ ನನಗೆ ಬೇಸರ. ಸಿಸ್ಟರ್ ಯಾರಿಗೂ ವ್ಯಾಯಾಮವನ್ನೇ ಶುರುಮಾಡಿಸುತ್ತಿರಲಿಲ್ಲ, ಬರೀ ಪ್ರಶ್ನೆ. ಏನು ಕೆಲಸ ಮಾಡ್ತೀರಿ, ರಾತ್ರಿ ಯಾವ ಮಗ್ಗುಲಿಗೆ ಮಲಗ್ತೀರಿ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ, ತಲೆ ಸುತ್ತುತ್ತಾ. ಆಮೇಲೆ ಕೊನೆಯಲ್ಲಿ, ಏನು ಮಾಡೋಕೆ ಆಗ್ಬೇಕು ಅಂತ ನಿಮಗೆ ಆಸೆ? ಒಬ್ಬೊಬ್ಬರ ಉತ್ತರ ಒಂದೊಂದು. ಒಂದೇ ಥರ ಮಂಡಿನೋವಿನ ಇಬ್ಬರು ಬಂದರೆ ಒಬ್ಬರಿಗೆ ಕುರ್ಚಿಯಿಂದ ಏಳುವುದನ್ನು ಕಲಿಸಿದರು, ಇನ್ನೊಬ್ಬರಿಗೆ ಮಲಗಿಕೊಂಡೇ ಕಾಲು ಬಿಗಿಹಿಡಿದು ಬಿಡುವುದನ್ನು. ನಾನು ತಡೆಯಲಾರದೆ, "ಇಬ್ಬರಿಗೂ ಒಂದೇ ನೋವಲ್ಲವಾ ಸಿಸ್ಟರ್?" ಎಂದೆ. ಅವರು ನನ್ನ ರವಿಕೆಯ ಕಡೆ ಬೆರಳು ತೋರಿಸಿ, "ಇದನ್ನ ನಿಮ್ಮ ಪಕ್ಕದ್ಮನೆಯವರ ಅಳತೆಗೆ ಹೊಲಿಸಿದ್ರಾ?" ಅಂದರು. ಇನ್ನೊಂದು ದಿನ ತಾವಾಗಿಯೇ ಹೇಳಿದರು: "ವ್ಯಾಯಾಮ ಕೊಡೋದು ಸುಲಭ ಕಣ್ರೀ. ಯಾರಿಗೆ ಯಾವ್ದು ಕೊಡ್ಬಾರ್ದು ಅಂತ ತಿಳ್ಕೊಳ್ಳೋದಿದೆಯಲ್ಲ, ಅದು ಕಷ್ಟ. ಅನುಮಾನ ಬಂದ್ರೆ ಮೊದ್ಲು ಡಾಕ್ಟ್ರ ಹತ್ರ ಕಳಿಸಿ. ಬೈಸ್ಕೊಳ್ಳಿ, ಪರವಾಗಿಲ್ಲ."

ಅಕ್ಕಯ್ಯಮ್ಮ ಮತ್ತೆ ಬಂದಾಗ ಸೀಟಿಯನ್ನು ಗೂಟಕ್ಕೆ ನೇತುಹಾಕಿ ನಾನು ಅವರ ಪಕ್ಕದಲ್ಲಿ ಕೂತೆ. ಏನು ಮಾಡುವುದಕ್ಕೆ ಆಗಬೇಕು ಎಂದು ಕೇಳಿದೆ. ಮುದ್ದೆ ತಿರುವುವುದು, ಕಳೆ ಕೀಳುವುದು ಎಂದೆಲ್ಲ ಹೇಳುತ್ತಾರೆಂದುಕೊಂಡಿದ್ದೆ. ಆದರೆ ಅವರು, "ನನ್ ತಲೆ ನಾನೇ ಬಾಚ್ಕೋಬೇಕು ಕಣವ್ವ" ಅಂದರು. "ಸೊಸೆ ಬಾಚ್ತಾಳೆ. ಒಳ್ಳೇವ್ಳೇಯ. ಆದ್ರೂ ದಿನಾ ಬೆಳಿಗ್ಗೆ ಎದ್ದು ಇನ್ನೊಬ್ರ ಮುಂದೆ ತಲೆ ಬಗ್ಸ್ಕೊಂಡು ಕೂತ್ಕಳಾದೈತಲ್ಲ, ಅದು ನನ್ಗೆ ಒಗ್ಗಾಕಿಲ್ಲ."

ಅವರ ತೋಳಿನ ಅಳತೆಗೆ ವ್ಯಾಯಾಮ ಹೊಲಿಯತೊಡಗಿದೆವು. ಎಡಗೈಯನ್ನು ಜಗುಲಿಗೆ ಊರಿ ಬಗ್ಗಿ, ಬಲಗೈಯನ್ನು ಹಸುವಿನ ಕೊರಳಿನ ಗಂಟೆಯಂತೆ ಸಡಿಲವಾಗಿ ತೂಗಾಡಿಸುವುದು. ಕೆಲವು ವಾರದ ಮೇಲೆ ಗೋಡೆಯ ಮುಂದೆ ನಿಂತು ಬೆರಳುಗಳಿಂದ ಮೆಲ್ಲಗೆ ಮೇಲಕ್ಕೆ ಹತ್ತುವುದು. ಎಳೆದ ಹಾಗಾದರೆ ಸರಿ, ಚುಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು, ಮಾರನೆಯ ದಿನ ಊದಿಕೊಂಡರೆ ಮಾಡಿದ್ದು ಜಾಸ್ತಿಯಾಯಿತೆಂದು ಅರ್ಥ. ವಠಾರದವರು, "ಇದೇನು ಗೋಡೆ ಸವರೋದು, ಇದೂ ಒಂದು ವ್ಯಾಯಾಮವೇ?" ಎಂದು ನಕ್ಕರು. ಅಕ್ಕಯ್ಯಮ್ಮನ ಬೆರಳುಗಳು ಮಾತ್ರ ಕಿವಿಯ ಮಟ್ಟಕ್ಕೆ ಬಂದವು.

ಆಗ ಬಂದರು ಪಿಳ್ಳಪ್ಪ. ಹೆಂಡತಿಯ ಕೈ ಏಳುತ್ತಿರುವುದನ್ನು ಕಣ್ಣಾರೆ ನೋಡಲು ಒಂದು ಭಾನುವಾರ ಜೊತೆಯಲ್ಲೇ ರೈಲು ಹತ್ತಿದ್ದರು. ಎತ್ತರದ ಆಳು, ಅಗಲ ಭುಜ. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿ ಕುಸ್ತಿ ಗೆದ್ದವರು. ಈಗ ಹೊಟ್ಟೆ ಬಂದಿತ್ತು, ಅದು ಅವರಿಗೆ ಅವಮಾನ. "ನಂಗೂ ಒಂದಿಷ್ಟು ಏಳ್ಕೊಡಿ ಟೀಚರಮ್ಮ. ದಂಡ, ಬಸ್ಕಿ ಎಲ್ಲ ಮತ್ತೆ ಸುರು ಮಾಡ್ಬೇಕು ಅಂತಿವ್ನಿ" ಎಂದರು. ನಾನು ಹಳೆಯ ನಾನಾಗಿದ್ದರೆ ಅಲ್ಲೇ ಅಂಗಳದಲ್ಲಿ ಶುರುಮಾಡಿಸುತ್ತಿದ್ದೆ. ಈಗ ಸಿಸ್ಟರಂತೆ ಪ್ರಶ್ನೆ ಕೇಳಿದೆ. ಬಾವಿಯ ಮೆಟ್ಟಿಲು ಹತ್ತುವಾಗ ಹೇಗಾಗುತ್ತೆ? "ಏನಿಲ್ಲ, ಎದೆ ಮ್ಯಾಲೆ ಒಂದು ಕಲ್ಲು ಮಡಗ್ದಂಗಾಯ್ತದೆ, ಎಡಗೈ ಜೋಮು ಇಡೀತದೆ. ಸ್ವಲ್ಪ ಕುಂತ್ರೆ ಓಯ್ತದೆ. ಅಜೀರ್ಣ."

ಅನುಮಾನ ಬಂದರೆ ಮೊದಲು ಡಾಕ್ಟರು ಎಂದು ಸಿಸ್ಟರ್ ಹೇಳಿದ್ದು ನೆನಪಾಯಿತು. "ನಾನು ಏನೂ ಹೇಳಿಕೊಡಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ. ಅಲ್ಲಿಯವರೆಗೆ ದಂಡ ಗಿಂಡ ಹೊಡೀಬೇಡಿ" ಎಂದೆ. ಅವರ ಮುಖ ಕೆಂಪಾಯಿತು. "ನನ್ನ ಮೈ ನಂಗೊತ್ತಿಲ್ವಾ? ಎಣ್ಮಕ್ಳಿಗೆ ಸೀಟಿ ಊದೋರ್ಗೆ ಗರಡಿ ವಿಸ್ಯ ಏನ್ ಗೊತ್ತು!" ಎಂದವರೇ ಹೆಂಡತಿಗೆ, "ನಡಿಯೇ, ಇನ್ನ ಈ ಕಡೀಕೆ ಬರಾದು ಬ್ಯಾಡ" ಎಂದು ಎದ್ದುಬಿಟ್ಟರು. ಅಕ್ಕಯ್ಯಮ್ಮ ತಿರುಗಿ ನೋಡುತ್ತಲೇ ಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಕಿವಿಯವರೆಗೆ ಬಂದ ಕೈ ಅಲ್ಲೇ ಮತ್ತೆ ಬಿಗಿದುಕೊಂಡರೆ? ಒಂದು ಸಲವಂತೂ, ಪಿಳ್ಳಪ್ಪನವರಿಗೆ ಸುಮ್ಮನೆ ಕೈ ಕಾಲು ಆಡಿಸುವ ಏನಾದರೂ ಹೇಳಿ ಸಮಾಧಾನ ಮಾಡಿಬಿಡಲೇ ಎಂದು ಯಜಮಾನರನ್ನೇ ಕೇಳಿದೆ. ಅವರು ಅಂದು ಪೇಪರನ್ನು ಮಡಿಚಿ ಕೆಳಗಿಟ್ಟರು. "ಅವರು ಆಮೇಲೆ ತಾವಾಗಿ ದಂಡವನ್ನೂ ಸೇರಿಸಿಕೊಂಡರೆ?" ಎಂದಷ್ಟೇ ಕೇಳಿದರು. ನಾನು ಕೃಷ್ಣಪ್ಪನ ಜೊತೆ ಚಿಕ್ಕಬಾಣಾವರದ ರೈಲು ಹತ್ತಿದೆ.

ಪಿಳ್ಳಪ್ಪ ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದರು, ನನ್ನನ್ನು ನೋಡಿ ಮುಖ ತಿರುಗಿಸಿದರು. ಒಳಗೆ ಅಕ್ಕಯ್ಯಮ್ಮ ಅಡುಗೆಮನೆಯ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದರು! "ನಾನು ಬಿಟ್ಟಿಲ್ಲ ಕಣವ್ವ" ಎಂದರು. ಬಂದದ್ದೇಕೆಂದು ನಾನು ಹೇಳಿದೆ. ಆತನ ಎದೆಯ ವಿಷಯ ನನಗೆ ಹೆದರಿಕೆ ಹುಟ್ಟಿಸಿದೆ, ನನ್ನ ಮೇಲೆ ಕೋಪವಿದ್ದರೂ ಇರಲಿ, ಆಸ್ಪತ್ರೆಗೆ ಮಾತ್ರ ಕಳಿಸಿ ಎಂದೆ. ಅಕ್ಕಯ್ಯಮ್ಮ ಕೇಳಿಸಿಕೊಂಡು, ಕೆದರಿದ ತಲೆಯಲ್ಲೇ ಹೊರಗೆ ಹೋಗಿ ಗಂಡನ ಮುಂದೆ ನಿಂತರು.

"ಬಾವಿ ತಾವ ಎದೆ ಇಡ್ಕೊಂಡು ನೀನು ಕುಂತಿದ್ನ ನಾನು ಒಂದ್ಸಲ ಅಲ್ಲ, ಅದೆಷ್ಟು ಸಲ ನೋಡಿವ್ನಿ. ಏಳಿದ್ರೆ ಬಯ್ತೀಯ ಅಂತ ಸುಮ್ಕಿದ್ದೆ. ನೀನೇ ಇಲ್ದೋದ್ಮೇಲೆ ಈ ಕೈ ಎತ್ಕೊಂಡು ನಾನು ಯಾವ ಸಂಪತ್ತಿಗೆ ತುರುಬು ಕಟ್ಟಿ ಊವ ಮುಡೀಬೇಕು? ಏಳು."

ಕುಸ್ತಿಯಲ್ಲಿ ಯಾರೂ ಕೆಡವಿರದ ಮನುಷ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು.

ಅಜೀರ್ಣವಾಗಿರಲಿಲ್ಲ. ಡಾಕ್ಟರು ಪರೀಕ್ಷೆಯೆಲ್ಲ ಮಾಡಿ, ಹೃದಯದ ರಕ್ತನಾಳ ಕಿರಿದಾಗಿದೆ, ದಂಡ ಹೊಡೆದಿದ್ದರೆ ಅದೇ ಕೊನೆಯಾಗುತ್ತಿತ್ತೋ ಏನೋ ಎಂದರಂತೆ. ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟರು, ಭಾರ ಎತ್ತಕೂಡದೆಂದರು. ಕೆಲವು ತಿಂಗಳ ಮೇಲೆ, ಸಮನೆಲದಲ್ಲಿ ಸ್ವಲ್ಪ ಸ್ವಲ್ಪ ನಡೆಯಬಹುದೆಂದು ಅಪ್ಪಣೆಯಾಯಿತು. ಎಷ್ಟು, ಹೇಗೆ ಎಂದು ಗೊತ್ತುಮಾಡುವ ಕೆಲಸವನ್ನು ಸಿಸ್ಟರ್ ನನಗೇ ವಹಿಸಿ, ನಾನು ಗೊತ್ತುಮಾಡಿದ್ದನ್ನು ಡಾಕ್ಟರಿಗೆ ತೋರಿಸಿ ಒಪ್ಪಿಸಿದರು. ಹೊಲದ ಬದುಗಳು ಏರಿಳಿತ, ಊರ ಬೀದಿ ಬರೀ ಕಲ್ಲು. ಊರಿನಲ್ಲಿ ಸಮನಾಗಿದ್ದ ಜಾಗವೆಂದರೆ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಒಂದೇ. ಅಲ್ಲಿ ಅವರು ಬೆಳಗಿನ ಹೊತ್ತು ನಡೆಯತೊಡಗಿದರು. ಮಾತಾಡಿಕೊಂಡು ನಡೆಯುವಷ್ಟು ನಿಧಾನ ಇರಬೇಕು, ಮಾತು ನಿಂತರೆ ಕಾಲೂ ನಿಲ್ಲಬೇಕು ಎಂಬುದು ನಿಯಮ. ಪಿಳ್ಳಪ್ಪ ಮೊದಲೇ ಮಿತಭಾಷಿ. ಏನು ಮಾತಾಡುವುದೆಂದು ತಿಳಿಯದೆ ಹಳೆಯ ಕುಸ್ತಿಗಳ ಕಥೆಯನ್ನೆಲ್ಲ ತಮಗೆ ತಾವೇ ಹೇಳಿಕೊಂಡು ಓಡಾಡುತ್ತಿದ್ದರಂತೆ. ಸ್ಟೇಷನ್ ಮಾಸ್ಟರು, "ಯಾವ ಗಾಡಿಗೆ ಕಾಯ್ತಿದ್ದೀರಿ ಯಜಮಾನರೇ?" ಎಂದು ಕೇಳಿದರೆ, "ಸದ್ಯಕ್ಕೆ ಬರೋದು ಬ್ಯಾಡ ಅಂತ ಕಾಯ್ತಿವ್ನಿ ಸ್ವಾಮಿ" ಅಂದರಂತೆ. ಅದನ್ನು ಕೇಳಿ ನಾನು ನಗಲೂ ಇಲ್ಲ, ಅಳಲೂ ಇಲ್ಲ.

ಆ ಮಾಗಿಯಲ್ಲಿ ಅವರ ನಡಿಗೆ ಹೇಗಿದೆ ಎಂದು ಪರೀಕ್ಷಿಸಲು ನಾನೇ ಒಂದು ಬೆಳಿಗ್ಗೆ ಹೋದೆ. ಅಕ್ಕಯ್ಯಮ್ಮ ತಾವೇ ಬಾಚಿ ಕಟ್ಟಿಕೊಂಡ ತುರುಬು ಸ್ವಲ್ಪ ಓರೆಯಾಗಿತ್ತು. ನಾನು ನೋಡಿದ ತುರುಬುಗಳಲ್ಲೆಲ್ಲ ಅದೇ ಚೆಂದ. ಅವರು ಮನೆಗೆಲಸಕ್ಕೆ ನಿಂತರು, ನಾನು ಪಿಳ್ಳಪ್ಪನವರ ಪಕ್ಕದಲ್ಲಿ ಪ್ಲಾಟ್‌ಫಾರಂ ಮೇಲೆ ಹೆಜ್ಜೆ ಹಾಕಿದೆ. ಕಿವಿಯೆಲ್ಲ ಅವರ ಉಸಿರಿನ ಮೇಲೆ. ಉಸಿರು ಸರಿಯಾಗಿತ್ತು, ಮುಖದಲ್ಲಿ ಬೆವರಿಲ್ಲ. ಮಾಕಳಿಯ ಪೈಲ್ವಾನನೊಬ್ಬನನ್ನು ಚಿತ್ ಮಾಡಿದ ಕಥೆಯನ್ನು ನಿರಾಳವಾಗಿ ಹೇಳುತ್ತಿದ್ದರು. ಹೀಗೆ ಆ ತುದಿ ಈ ತುದಿ ಓಡಾಡಿದ ಮೇಲೆ ಅವರು ನನ್ನನ್ನು ಏನೋ ಕೇಳಿದರು. ಉತ್ತರ ಹೇಳಹೋದರೆ ನನಗೆ ಉಸಿರೇ ಇಲ್ಲ! ಇಷ್ಟು ವರ್ಷ ನಾನು ನೆರಳಿನಲ್ಲಿ ನಿಂತು ಮಕ್ಕಳನ್ನು ಓಡಿಸಿದ್ದೆನೇ ಹೊರತು ಒಂದು ದಿನವೂ ಓಡಿರಲಿಲ್ಲ. ಪಿಳ್ಳಪ್ಪ ಥಟ್ಟನೆ ನಿಂತು ನನ್ನ ಮುಖ ನೋಡಿದರು.

"ಯಾಕೆ ಟೀಚರಮ್ಮ, ಮಾತೇ ಇಲ್ಲ? ಮೊದ್ಲು ಕೂತ್ಕಳಿ ಇಲ್ಲಿ. ಮೆಟ್ಲು ಅತ್ತುವಾಗ ಎಂಗಾಯ್ತದೆ ನಿಮ್ಗೆ? ನಾಚ್ಕೋಬ್ಯಾಡಿ, ನಮ್ ಡಾಕ್ಟ್ರು ಒಳ್ಳೇವ್ರು, ನಾನೇ ಕರ್ಕೊಂಡೋಗಿ ತೋರುಸ್ತೀನಿ."

ನಾನು ಕಲ್ಲುಬೆಂಚಿನ ಮೇಲೆ ಕೂತು, ಏನಿಲ್ಲ, ನೀವು ನಡೀರಿ ಎಂದು ಕೈಯಾಡಿಸಿದೆ. ಅವರು ನಂಬಲಿಲ್ಲ. ಆ ತುದಿಯವರೆಗೂ ಹಿಂತಿರುಗಿ ಹಿಂತಿರುಗಿ ನನ್ನನ್ನೇ ನೋಡುತ್ತಾ ನಡೆದರು.