ಊಟ, ನಿದ್ದೆ, ಆಮೇಲೆ ಅಪ್ಪ

ಎಲ್ಲ ರಾದ್ಧಾಂತಕ್ಕೂ ಕಾರಣ ಶಿಶುವಿಹಾರದವರು ಕೊಟ್ಟ ಒಂದು ಹಾಳೆ. ಎರಡು ವರ್ಷದ ಮಗುವನ್ನು ತರಗತಿಗೆ ತಯಾರು ಮಾಡುವುದು ಹೇಗೆಂದು ಅದರಲ್ಲಿ ಬರೆದಿತ್ತು. ಗುಂಡಿ, ಕೊಂಡಿ, ಜಿಪ್ಪು ಹಾಕಿ ತೆಗೆಯುವ ಅಭ್ಯಾಸ ಮಾಡಿಸಿ. ಬಿಟ್ಟುಹೋಗುವಾಗ ಕದ್ದು ಹೋಗದೆ ಟಾಟಾ ಹೇಳಿ ಹೋಗಿ. ಮಗುವಿಗೆ ಕೊಟ್ಟ ಮಾತನ್ನು ಯಾವ ಕಾರಣಕ್ಕೂ ಮುರಿಯಬೇಡಿ. ಈ ಕೊನೆಯ ಸಾಲಿನ ಕೆಳಗೆ ಟೀಚರಮ್ಮ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

ಹಾಳೆ ಸಿಕ್ಕಿದ್ದು ಬೀಗದಣ್ಣನ ಕೈಗೆ. ಬೀಗ ರಿಪೇರಿ ಅವನ ಕಸುಬು, ಹೀಗಾಗಿ ಎಲ್ಲರ ಬಾಯಲ್ಲೂ ಅವನು ಬೀಗದಣ್ಣ. ಮಗಳು ಮೊಂಡಿ. ಅವಳಿಗೆ ಬೇರೆ ಚೆಂದದ ಹೆಸರೂ ಇತ್ತು, ಆದರೆ ಹಾಗೆ ಕರೆದರೆ ಅವಳು ತಿರುಗಿ ನೋಡುತ್ತಿರಲಿಲ್ಲ. ಶಿಶುವಿಹಾರದಲ್ಲಿ ಉಳಿದಿದ್ದದ್ದು ಒಂದೇ ಸೀಟು. ಅವತ್ತು ಸಂಜೆ ನಾಲ್ಕಕ್ಕೆ ಟೀಚರಮ್ಮ ಮನೆಗೇ ಬಂದು, ಮಗುವನ್ನು ನೋಡಿ, ಹೂಂ ಅಥವಾ ಊಹೂಂ ಹೇಳುವವರಿದ್ದರು. ಹೂಂ ಅಂದರೆ ಹೆಂಡತಿ ನಾಳೆಯಿಂದ ಕೆಲಸಕ್ಕೆ ಹೋಗಬಹುದು. ಊಹೂಂ ಅಂದರೆ ಎರಡು ವರ್ಷ ಕಾದು ಸಿಕ್ಕ ಕೆಲಸ ಕೈಬಿಟ್ಟಂತೆಯೇ.

ಕೆಲಸದ ಕಾಗದಗಳಿಗೆ ಸಹಿ ಹಾಕಲು ಹೊರಟ ಹೆಂಡತಿ, "ಮೇಷ್ಟ್ರನ್ನೋ ನರ್ಸಕ್ಕನನ್ನೋ ಒಂದು ಮಾತು ಕೇಳ್ರೀ" ಎಂದಳು.

"ನನ್ನ ಮಗಳನ್ನ ತಯಾರು ಮಾಡೋಕೆ ನನಗೆ ಯಾರ ಬುದ್ಧಿವಾದನೂ ಬೇಡ" ಎಂದ ಬೀಗದಣ್ಣ. ಆ ಮಾತು ಮೆಟ್ಟಿಲ ಮೇಲೆ ನಿಂತಿದ್ದ ಆ ನೆರೆಯವರಿಬ್ಬರ ಕಿವಿಗೂ ಬಿತ್ತು. ಬೀಳಲಿ ಅಂತಲೇ ಅವನು ದನಿ ಏರಿಸಿದ್ದು.

ತಯಾರಿಯಲ್ಲಿ ಅವನು ಕಡಿಮೆ ಮಾಡಿರಲಿಲ್ಲ. ಬೇರೆ ಅಪ್ಪಂದಿರು ಹಳೇ ಅಂಗಿಯ ಗುಂಡಿ ಹಾಕಿಸಿ ಕಲಿಸಿದರೆ, ಇವನು ಒಂದು ಹಲಗೆಗೆ ಅಂಗಡಿಯ ಚಿಲಕ, ಕೊಂಡಿ, ಸರಪಳಿಗಳನ್ನೆಲ್ಲ ಜಡಿದು ಮಗಳ ಮುಂದಿಟ್ಟಿದ್ದ. ಹದಿನೈದು ದಿನದಲ್ಲಿ ಮೊಂಡಿ ಅವನ್ನೆಲ್ಲ ಟಕಟಕ ಹಾಕಿ ತೆಗೆಯುವಂತಾಗಿದ್ದಳು. ಇನ್ನು ಉಳಿದದ್ದು ಟಾಟಾ ಒಂದೇ.

ಮನೆ ಬಾಗಿಲೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಕಳ್ಳರು ಒದೆಯುವುದು ಬುಡಕ್ಕೆ ಎಂದು ಬಾಗಿಲ ಬುಡದಲ್ಲೇ ಒಳಗೊಂದು, ಹೊರಗೊಂದು ಉಕ್ಕಿನ ಚಿಲಕ ಕೂರಿಸಿದ್ದ. ಒಮ್ಮೆ ಬಿತ್ತೆಂದರೆ ಆಚೆ ಕಡೆಯಿಂದ ಯಾವ ಗಂಡಸೂ ತೆಗೆಯಲಾರ ಎಂದು ಇಡೀ ಕಟ್ಟಡಕ್ಕೆ ಡಂಗುರ ಸಾರಿದ್ದ.

ಹನ್ನೆರಡು ಗಂಟೆಗೆ ಪುಟ್ಟ ಮಣೆಯ ಮೇಲೆ ತಟ್ಟೆ ಇಟ್ಟ, ಪಕ್ಕದಲ್ಲಿ ಪುಟ್ಟ ಹಾಸಿಗೆ ಹಾಸಿದ, ಮಗಳೆದುರು ಕುಕ್ಕರಗಾಲಲ್ಲಿ ಕೂತ.

"ನೋಡು ಮೊಂಡಿ, ಅಪ್ಪ ಈಗ ಟಾಟಾ. ನೀನು ಊಟ ಮಾಡ್ಬೇಕು, ನಿದ್ದೆ ಮಾಡ್ಬೇಕು, ಆಮೇಲೆ ಅಪ್ಪ ಬರ್ತಾನೆ. ಏನು?"

"ಊಟ. ನಿದ್ದೆ. ಆಮೇಲೆ ಅಪ್ಪ."

"ಜಾಣೆ!"

"ನಿದ್ದೆ ಬರಲ್ಲ."

"ಬರುತ್ತೆ. ಕಣ್ಣು ಮುಚ್ಕೋ" ಎಂದ.

ಹೊರಗೆ ಎರಡೇ ನಿಮಿಷ ನಿಂತು ಒಳಗೆ ಬಂದುಬಿಡುವುದು ಅವನ ಒಳಗುಟ್ಟು. ಟಾಟಾ ಹೇಳಿ, ಹೊರಗೆ ಬಂದು, ಬಾಗಿಲು ಮುಂದಕ್ಕೆಳೆದ. ಒಳಗಿನಿಂದ ಟಕ್ ಎಂಬ ಸದ್ದು ಬಂತು. ಆ ಸದ್ದು ಅವನಿಗೆ ಗೊತ್ತಿಲ್ಲದ್ದೇ? ಮಗಳು ಬುಡದ ಚಿಲಕ ಹಾಕಿಬಿಟ್ಟಿದ್ದಳು. ಮೈಮೇಲೆ ಬನಿಯನ್ನು ಮತ್ತು ಚಡ್ಡಿ, ಕಾಲಿಗೆ ಚಪ್ಪಲಿಯೂ ಇಲ್ಲ. ಫೋನು, ಹತಾರದ ಚೀಲ ಎರಡೂ ಒಳಗೆ.

ಮೊಗಸಾಲೆಯ ಕಿಟಕಿಯ ಸರಳಿಗೆ ಮುಖ ಒತ್ತಿ, "ಮೊಂಡಿ, ಚಿಲಕ ತೆಗಿಯಮ್ಮ" ಎಂದ.

ಮೊಂಡಿ ತಟ್ಟೆಯ ಮುಂದೆ ಕೂತು ಅವನನ್ನು ದುರುಗುಟ್ಟಿ ನೋಡಿದಳು. "ನಿದ್ದೆ ಆಗಿಲ್ಲ!" ಎಂದಳು.

ಅಷ್ಟರಲ್ಲಿ ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. "ಏನಯ್ಯಾ, ಊರ ಬಾಗಿಲೆಲ್ಲ ತೆಗೆಯೋನು ತನ್ನ ಬಾಗಿಲ ಹೊರಗೆ ನಿಂತಿದೀಯ?"

ಸಿಕ್ಕಿಬಿದ್ದೆ ಎಂದು ಒಂದು ಮಾತು ಒಪ್ಪಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಬೀಗದಣ್ಣ ಎದೆ ಸೆಟೆಸಿ ನಿಂತ. "ನಾನೇ ಹಾಕ್ಸಿರೋದು ಮೇಷ್ಟ್ರೇ. ತರಬೇತಿ ನಡೀತಿದೆ. ಅವಳು ಮಲಗಿ ಏಳೋವರೆಗೂ ನಾನು ಒಳಗೆ ಹೋಗಲ್ಲ. ಮಗುಗೆ ಮಾತು ಕೊಟ್ಟಿದೀನಿ."

"ಚಡ್ಡೀಲಿ?"

"ಚಡ್ಡೀಲೇ!"

ಎದುರುಮನೆಯ ನರ್ಸಕ್ಕ ಓಡಿ ಬಂದಳು. "ಅಯ್ಯೋ, ಕೂಸೊಂದೇ ಒಳಗಿದೆಯಲ್ಲೋ! ಒಲೆ?"

"ಸಿಲಿಂಡರೇ ಬಂದ್ ಮಾಡಿದೀನಿ ಅಕ್ಕ. ಕಿಟಕಿಯಿಂದ ಕಣ್ಣು ತೆಗೆದಿಲ್ಲ."

"ಬೆಕ್ಕು ಬಂತು ಅಂತ ಒಂದು ಸುಳ್ಳು ಹೇಳು, ಓಡಿ ಬಂದು ತೆಗೀತಾಳೆ."

ಬೆಕ್ಕಿನ ಆಸೆ ಅವನಿಗೂ ಆಯಿತು. ಆದರೆ ಮೇಷ್ಟ್ರು ಮೀಸೆಯೊಳಗೇ ನಗುತ್ತಿದ್ದರು. "ನನ್ನ ಮಗಳಿಗೆ ನಾನು ಸುಳ್ಳು ಹೇಳಲ್ಲ" ಎಂದುಬಿಟ್ಟ.

ಮೂರನೆಯವನಾಗಿ ಮೇಲ್ಮನೆಯ ಬಡಗಿ ಗರಗಸ ಹಿಡಿದೇ ಇಳಿದ. ಮರಕ್ಕಿಂತ ಉಕ್ಕು ಮೇಲೆಂದು ಬೀಗದಣ್ಣ ಅಂದಾಗಿನಿಂದ ಈ ಬಾಗಿಲ ಮೇಲೆ ಅವನಿಗೆ ಕಣ್ಣಿತ್ತು. "ಹತ್ತೇ ನಿಮಿಷ ಕೊಡು. ಬುಡದಲ್ಲಿ ಕೈ ಹೋಗೋ ಅಷ್ಟು ಕೊಯ್ದುಬಿಡ್ತೀನಿ" ಎಂದ.

ಬೀಗದಣ್ಣ ಎರಡೂ ಕೈ ಚಾಚಿ ಬಾಗಿಲಿಗೆ ಬೆನ್ನು ಕೊಟ್ಟ. "ಮುಟ್ಟಿದ್ರೆ ನೋಡು! ಮೊದಲು ನನ್ನನ್ನ ಕೊಯ್ದು ಆಮೇಲೆ ಬಾಗಿಲು ಕೊಯ್ಯಿ!"

ಒಳಗೆ ಫೋನು ಹೊಡೆದುಕೊಂಡಿತು. ಮೊಂಡಿ ಅನ್ನ ಮೆತ್ತಿದ ಬೆರಳಲ್ಲೇ ಅದನ್ನು ಒತ್ತಿ ಕಿವಿಗಿಟ್ಟಳು. "ಅಪ್ಪ ಇಲ್ಲ. ಅಪ್ಪ ಟಾಟಾ ಹೋದ" ಎಂದು ಫೋನನ್ನು ದಿಂಬಿನಡಿ ತುರುಕಿದಳು. ಮಾಡಿದ್ದು ಹೆಂಡತಿಯೋ ಟೀಚರಮ್ಮನೋ ತಿಳಿಯಲಿಲ್ಲ. ಟೀಚರಮ್ಮನಾದರೆ ಸೀಟು ಹೋದಂತೆಯೇ ಎಂದು ಬೀಗದಣ್ಣ ಹಣೆ ಚಚ್ಚಿಕೊಂಡ.

ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒಂದೊಂದು ಅಗುಳನ್ನೂ ವಿಚಾರಣೆ ಮಾಡಿ ಬಾಯಿಗಿಟ್ಟಳು, ಅರ್ಧಕ್ಕೇ ಸಾಕೆಂದಳು. ಆಮೇಲೆ ಚಿಲಕದ ಹಲಗೆಯನ್ನು ಮಲಗಿಸಿ, ಹೊದಿಸಿ, ತಟ್ಟಿ, ಅದರ ಪಕ್ಕ ತಾನು ಮಗ್ಗುಲಾದಳು. ಹೊರಗೆ ಎಲ್ಲರೂ ಗಪ್‌ಚಿಪ್. ಮೇಷ್ಟ್ರು ಕೆಮ್ಮು ತಡೆದು ಕೆಂಪಗಾದರು. ಬಡಗಿ ಗರಗಸವನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಬುದ್ಧಿ ಹೇಳಲು ಬಂದವರೆಲ್ಲ ಈಗ ಅವಳಿಗೆ ನಿದ್ದೆ ಬರಲಪ್ಪಾ ಎಂದು ಉಸಿರು ಬಿಗಿಹಿಡಿದಿದ್ದರು. ಕೊನೆಗೂ ಬಂತು.

ಎರಡು ಗಂಟೆಗೆ ಟೀಚರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. "ಫೋನ್ ಮಾಡಿದ್ರೆ ಮಗು ಅಪ್ಪ ಇಲ್ಲ ಅಂತು, ಗಾಬರಿಯಾಗಿ ತರಗತಿ ಮುಗಿದ ಕೂಡಲೇ ಓಡಿ ಬಂದೆ!"

ನಾಲ್ಕೂ ಜನ ತುಟಿಯ ಮೇಲೆ ಬೆರಳಿಟ್ಟರು. ಬೀಗದಣ್ಣ ನಿಯಮದ ಹಾಳೆಯನ್ನು ಬಾಯಿಪಾಠವಾಗಿ ಪಿಸುಗುಟ್ಟಿದ. ಎರಡು ನಿಮಿಷದ ಒಳಗುಟ್ಟನ್ನು ಮಾತ್ರ ನುಂಗಿಕೊಂಡ. ಟೀಚರಮ್ಮ ಕಿಟಕಿಯಲ್ಲಿ ಇಣುಕಿ ನೋಡಿದರು, ಸೀಟಿನ ಅರ್ಜಿ ತೆಗೆದು ಏನೋ ಬರೆದರು.

ಮೂರು ಗಂಟೆಗೆ ಮೊಂಡಿ ಎದ್ದಳು, ಕಣ್ಣುಜ್ಜಿದಳು, ನೇರ ಬಂದು ಚಿಲಕ ಎಳೆದಳು. "ಅಪ್ಪ ಬಂದ!" ಎಂದು ಅವನ ಬರಿಗಾಲನ್ನು ತಬ್ಬಿದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅತ್ತದ್ದು ಬೀಗದಣ್ಣ. ಇಷ್ಟು ಚಿಕ್ಕ ಜೀವ ತನ್ನ ಮಾತನ್ನು ಇಷ್ಟು ನಂಬಿತ್ತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

"ಇಷ್ಟು ತಯಾರಾದ ಮಗೂನ ನಾನು ನೋಡೇ ಇಲ್ಲ" ಎಂದರು ಟೀಚರಮ್ಮ.

ಬೀಗದಣ್ಣನ ನಾಚಿಕೆ ಆ ಕ್ಷಣವೇ ಹಾರಿಹೋಯಿತು. "ಕೇಳಿಸ್ಕೊಂಡ್ರಾ? ಯಾರ ಬುದ್ಧಿವಾದನೂ ಬೇಡ ಅಂದಿರಲಿಲ್ವಾ ನಾನು? ಬನ್ನಿ ಒಳಗೆ, ಹಲಗೆ ತೋರಿಸ್ತೀನಿ!" ಎಂದು ಮೇಷ್ಟ್ರನ್ನೂ ಬಡಗಿಯನ್ನೂ ರಟ್ಟೆ ಹಿಡಿದು ಒಳಗೆಳೆದ. ಮೊಂಡಿ ಟೀಚರಮ್ಮನ ಬೆರಳು ಹಿಡಿದು ಹೊರಗೇ ನಿಂತಿದ್ದಳು. ಅವಳು ಬಾಗಿಲನ್ನು ಎಳೆದು ಮುಚ್ಚಿದಳು.

ಟಕ್.

"ಅಪ್ಪ ಊಟ" ಎಂದಿತು ಹೊರಗಿನ ದನಿ. "ಅಪ್ಪ ನಿದ್ದೆ. ಆಮೇಲೆ ಮೊಂಡಿ. ಟಾಟಾ!"

ಬೀಗದಣ್ಣ ಹತಾರದ ಚೀಲಕ್ಕೆ ಕೈ ಹಾಕಿದ, ಹಾಗೇ ಬಿಟ್ಟ. ಹತಾರ ಈಗ ಕೈಗೆ ಸಿಕ್ಕಿತ್ತು, ಆದರೆ ಚಿಲಕ ಹೊರಗಿತ್ತು. ಕಿಟಕಿಗೆ ಓಡಿದ. "ಟೀಚರ್, ಸ್ವಲ್ಪ ಚಿಲಕ ತೆಗೀರಿ!"

"ಹೇಗೆ ತೆಗೀಲಿ? ಮಗು ಮಾತು ಕೊಟ್ಟಿದೆ" ಎಂದರು ಟೀಚರಮ್ಮ. "ಅರ್ಜೀಲಿ ಇನ್ನೊಂದು ಸಾಲಿದೆ, ಮನೆಯವರೂ ನಿಯಮ ಪಾಲಿಸ್ತಾರಾ ಅಂತ. ಅದನ್ನಿನ್ನೂ ತುಂಬಿಲ್ಲ. ನೀವು ಮಲಗಿ ಎದ್ದ ಮೇಲೆ ತುಂಬ್ತೀನಿ." ನರ್ಸಕ್ಕ ಆಗಲೇ ಎರಡು ಕುರ್ಚಿ ತಂದು ಹಾಕಿದ್ದಳು.

ಬಡಗಿ ಪಿಸುಗುಟ್ಟಿದ. "ಬಾಗಿಲ ಕೀಲು ಈಗ ನಮ್ಮ ಕಡೆ ಇದೆ. ಬಿಚ್ಚಲಾ?"

"ಮುಟ್ಟಬೇಡ!" ಎಂದು ಗದರಿ, ಬೀಗದಣ್ಣ ಮಣೆಯ ಮುಂದೆ ಕೂತು ಮಗಳು ಬಿಟ್ಟ ತಣ್ಣನೆ ಅನ್ನ ತಿಂದ. ಪುಟ್ಟ ಹಾಸಿಗೆಯ ಮೇಲೆ ಮುದುರಿ ಬಿದ್ದುಕೊಂಡ. ಮೊಣಕಾಲಿನಿಂದ ಕೆಳಗೆಲ್ಲ ನೆಲದ ಮೇಲಿತ್ತು. ಮೇಷ್ಟ್ರು ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಈಗ ಶುರುಮಾಡಿದರು. ಬೀಗದಣ್ಣ ಎದ್ದು ಕೂತು ಕಾಲು ಬಡಿದ.

"ನನಗೆ ನಿದ್ದೆ ಬರಲ್ಲ!"

ಕಿಟಕಿಯ ಸರಳುಗಳ ನಡುವೆ, ಟೀಚರಮ್ಮನ ಕಂಕುಳಿನಿಂದ, ಒಂದು ಪುಟ್ಟ ಮುಖ ಇಣುಕಿತು.

"ಬರುತ್ತೆ" ಎಂದಳು ಮೊಂಡಿ. "ಕಣ್ಣು ಮುಚ್ಕೋ."